ಅಂಗಳದ ಹುಡುಗರಿಂದ ತಂಡ ಕಟ್ಟಿದ ತರಾಸೊವ್

ಕ್ರೀಡೆಯಲ್ಲಿ ನಾವು ಹಿಂದುಳಿದಾಗಲೆಲ್ಲ ಮೊದಲು ಕೇಳಿಬರುವ ಕಾರಣ ಸೌಕರ್ಯಗಳ ಕೊರತೆ. ಮೈದಾನವಿಲ್ಲ, ಒಳಾಂಗಣ ಕ್ರೀಡಾಂಗಣವಿಲ್ಲ, ಸಲಕರಣೆಗಳಿಲ್ಲ, ಹಣವಿಲ್ಲ. ಈ ಕಾರಣಗಳು ಸುಳ್ಳಲ್ಲ. ಆದರೆ ಅವು ಪೂರ್ಣ ಸತ್ಯವೂ ಅಲ್ಲ ಎಂಬುದಕ್ಕೆ ಇಪ್ಪತ್ತನೆಯ ಶತಮಾನದ ಕ್ರೀಡಾ ಇತಿಹಾಸದಲ್ಲಿ ಒಂದು ದೊಡ್ಡ ನಿದರ್ಶನವಿದೆ. ಅದು ರಷ್ಯಾದ ಐಸ್ ಹಾಕಿಯ ಪಿತಾಮಹನೆಂದು ಹೆಸರಾದ ಅನತೋಲಿ ವ್ಲಾದಿಮಿರೊವಿಚ್ ತರಾಸೊವ್ ಅವರ ಜೀವನ.

ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಕುಳಿತು ಐಸ್ ಹಾಕಿಯ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರವೆನಿಸೀತು. ನಮ್ಮ ಕಡೆ ಮಂಜುಗಡ್ಡೆ ಕಣ್ಣಿಗೆ ಬೀಳುವುದು ಕರಾವಳಿಯಿಂದ ಘಟ್ಟ ಹತ್ತಿ ಬರುವ ಮೀನಿನ ಪೆಟ್ಟಿಗೆಗಳಲ್ಲಿ ಮಾತ್ರ. ಆದರೆ ಮಲೆನಾಡಿನ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ಬದುಕು ಕಳೆದ ನನಗೆ ತರಾಸೊವ್ ದೂರದವರೆಂದು ಎಂದೂ ಅನ್ನಿಸಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಶಾಲಾ ಮೈದಾನಗಳು ಕೆಸರು ಗದ್ದೆಗಳಂತಿರುತ್ತವೆ. ಕ್ರೀಡಾಕೂಟಗಳು ನಡೆಯುವುದೂ ಅದೇ ತಿಂಗಳುಗಳಲ್ಲಿ. ಆಟದ ಅಂಕಣವೇ ಇಲ್ಲದೆ ಆಟ ಕಲಿಸುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ. ತರಾಸೊವ್ ಅವರಿಗೂ ಎದುರಾದದ್ದು ಅದೇ ಪ್ರಶ್ನೆ. ವ್ಯತ್ಯಾಸವಿಷ್ಟೆ: ನಮ್ಮಲ್ಲಿ ನೀರು ಹೆಚ್ಚು, ಅವರಲ್ಲಿ ಗಟ್ಟಿಯಾದ ನೀರು ಕಡಿಮೆ.

ತರಾಸೊವ್ ಹುಟ್ಟಿದ್ದು 1918ರ ಡಿಸೆಂಬರ್ 10ರಂದು, ಮಾಸ್ಕೋದಲ್ಲಿ. ಕ್ರಾಂತಿಯ ಮರುವರ್ಷ, ಅಂತರ್ಯುದ್ಧ, ಹಸಿವುಗಳ ಕಾಲ. ಅನತೋಲಿ ಮತ್ತು ತಮ್ಮ ಯೂರಿ ಇಬ್ಬರೂ ಬಾಲ್ಯದಲ್ಲಿ ಕಲಿತದ್ದು ನಾವಿಂದು ಹೇಳುವ ಐಸ್ ಹಾಕಿಯನ್ನಲ್ಲ. ಆಗ ರಷ್ಯನ್ನರಿಗೆ ಗೊತ್ತಿದ್ದದ್ದು ಬ್ಯಾಂಡಿ ಎಂಬ ಆಟ. ಫುಟ್‌ಬಾಲ್ ಮೈದಾನದಷ್ಟು ವಿಶಾಲವಾದ ಹೆಪ್ಪುಗಟ್ಟಿದ ಅಂಗಳ, ತಂಡಕ್ಕೆ ಹನ್ನೊಂದು ಜನ, ಬಾಗಿದ ಕೋಲು, ಪುಟ್ಟ ಚೆಂಡು. ಕೆನಡಾದಲ್ಲಿ ಬೆಳೆದ ಐಸ್ ಹಾಕಿ ಬೇರೆಯೇ ಬಗೆಯದು. ಅದರ ಅಂಕಣ ಚಿಕ್ಕದು, ಸುತ್ತಲೂ ಹಲಗೆಯ ಗೋಡೆ. ಗೋಲ್‌ಕೀಪರ್ ಸೇರಿ ತಂಡಕ್ಕೆ ಆರೇ ಜನ. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಅದರಲ್ಲಿ ವೇಗವೂ ಹೆಚ್ಚು, ಪೆಟ್ಟೂ ಹೆಚ್ಚು. ಎರಡನೆಯ ಮಹಾಯುದ್ಧ ಮುಗಿಯುವವರೆಗೂ ಸೋವಿಯತ್ ಒಕ್ಕೂಟದಲ್ಲಿ ಈ ಆಟದ ಸ್ಪರ್ಧೆ ಇರಲೇ ಇಲ್ಲವೆನ್ನಬಹುದು.

ಯುದ್ಧಕ್ಕೆ ಮುನ್ನ ತರಾಸೊವ್ ಮಾಸ್ಕೋದ ತರಬೇತುದಾರರ ಶಾಲೆಯಲ್ಲಿ ವ್ಯಾಸಂಗ ಮಾಡಿದರು. ಅಲ್ಲಿ ಅವರ ಗುರು ಫುಟ್‌ಬಾಲ್ ತಜ್ಞ ಮಿಖಾಯಿಲ್ ತೊವರೋವ್‌ಸ್ಕಿ. ಮುಂದೆ ಕೆನಡಾದ ಆಟವನ್ನು ಕಲಿಯಬೇಕೆಂಬ ಹಂಬಲ ಹುಟ್ಟಿದಾಗ ಅನ್ಯರ ಆಟವನ್ನು ನಕಲು ಮಾಡುವ ಬದಲು ತಮ್ಮದೇ ಆಟವನ್ನು ಕಟ್ಟಿಕೊಳ್ಳುವಂತೆ ಈ ಗುರುಗಳು ಸೂಚಿಸಿದರೆಂದು ತರಾಸೊವ್ ಜೀವನಪೂರ್ತಿ ನೆನೆಯುತ್ತಿದ್ದರು. ಆ ಸಲಹೆಯ ಹಿಂದೆ ಅನಿವಾರ್ಯತೆಯೂ ಇತ್ತು. ಯುದ್ಧೋತ್ತರ ಮಾಸ್ಕೋದಲ್ಲಿ ಕುಳಿತವರಿಗೆ ಕೆನಡಾದ ಪಂದ್ಯ ನೋಡಲು ಸಿಗುವಂತಿರಲಿಲ್ಲ. ಮುಂದೆ ಕೆನಡಾದ ಲಾಯ್ಡ್ ಪರ್ಸಿವಲ್ 1951ರಲ್ಲಿ ಪ್ರಕಟಿಸಿದ ತರಬೇತಿ ಕೈಪಿಡಿ ತರಾಸೊವ್ ಅವರ ಕೈಸೇರಿತು. ಪರ್ಸಿವಲ್‌ರ ತವರಿನ ವೃತ್ತಿಪರ ತಂಡಗಳು ಹಗುರವಾಗಿ ಕಂಡ ಆ ಪುಸ್ತಕವನ್ನು ಅವರು ಶ್ರದ್ಧೆಯಿಂದ ಅಭ್ಯಸಿಸಿದರು. ಪುಸ್ತಕದಿಂದ ಪಡೆದದ್ದು ಬುನಾದಿಯಷ್ಟೆ, ಕಟ್ಟಡ ಅವರದೇ.

1946ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟದ ಪ್ರಥಮ ರಾಷ್ಟ್ರೀಯ ಐಸ್ ಹಾಕಿ ಪಂದ್ಯಾವಳಿ ಆರಂಭವಾಯಿತು. ತರಾಸೊವ್ ವಾಯುಪಡೆಯ ತಂಡದಲ್ಲಿ ಆಟಗಾರರೂ ಹೌದು, ತರಬೇತುದಾರರೂ ಹೌದು. ಮರುವರ್ಷ ಸೇನೆಯ ಕೇಂದ್ರ ಕ್ಲಬ್ಬಿಗೆ ಬಂದರು. ಸಿಎಸ್‌ಕೆಎ ಎಂಬ ಹೆಸರಿನಿಂದ ಮುಂದೆ ಪ್ರಸಿದ್ಧವಾದ ಈ ಕ್ಲಬ್ಬೇ ಅವರ ಕರ್ಮಭೂಮಿಯಾಯಿತು. 1948ರಲ್ಲಿ ಚೆಕೊಸ್ಲೊವಾಕಿಯಾದ ಬಲಿಷ್ಠ ಎಲ್‌ಟಿಸಿ ಪ್ರಾಗ್ ತಂಡ ಮಾಸ್ಕೋಗೆ ಬಂದು ಮೂರು ಪಂದ್ಯಗಳನ್ನಾಡಿತು. ಒಂದರಲ್ಲಿ ಆತಿಥೇಯರಿಗೆ ಗೆಲುವು, ಒಂದರಲ್ಲಿ ಸೋಲು, ಇನ್ನೊಂದು ಸಮ. ಆಟ ಆರಂಭಿಸಿ ಎರಡೇ ಚಳಿಗಾಲ ಕಳೆದಿದ್ದವರಿಗೆ ಅದು ಅಸಾಮಾನ್ಯ ಫಲಿತಾಂಶವಾಗಿತ್ತು.

ಅದಾದ ಎರಡು ವರ್ಷಗಳಲ್ಲಿ ತರಾಸೊವ್ ಕುಟುಂಬಕ್ಕೆ ಸಿಡಿಲಿನಂತಹ ಆಘಾತ ಎರಗಿತು. 1950ರ ಜನವರಿ 7ರಂದು ವಾಯುಪಡೆ ತಂಡವನ್ನು ಹೊತ್ತ ವಿಮಾನ ಸ್ವೆರ್ದ್‌ಲೋವ್‌ಸ್ಕ್ ಬಳಿ ಪತನಗೊಂಡು ಹನ್ನೊಂದು ಮಂದಿ ಆಟಗಾರರು ಮಡಿದರು. ಅವರಲ್ಲಿ ತಮ್ಮ ಯೂರಿಯೂ ಒಬ್ಬ. ದೇಶದ ಹಾಕಿ ಕಳೆದುಕೊಂಡದ್ದು ಒಂದು ಇಡೀ ತಂಡವನ್ನು; ತರಾಸೊವ್ ಕಳೆದುಕೊಂಡದ್ದು ಒಡಹುಟ್ಟಿದವನನ್ನು. ಆಟಗಾರನಾಗಿ ಅವರ ಬದುಕು ಕೂಡ ಅದೇ ಕಾಲಕ್ಕೆ ಕೊನೆಯ ಹಂತ ತಲುಪಿತ್ತು. ಅಲ್ಲಿಂದ ಮುಂದೆ ಅವರು ಸಂಪೂರ್ಣವಾಗಿ ಗುರುವಾದರು.

ಆ ಕಾಲದ ಸ್ಥಿತಿಯನ್ನು ನಾವು ಮರೆಯಬಾರದು. ಮಾಸ್ಕೋದ ಲುಜ್ನಿಕಿಯಲ್ಲಿ ಕೃತಕ ಹಿಮದ ದೊಡ್ಡ ಕ್ರೀಡಾ ಮಂದಿರ ತೆರೆದದ್ದು 1956ರಲ್ಲಿ. ಅದುವರೆಗೆ ರಾಷ್ಟ್ರೀಯ ಪಂದ್ಯಗಳೂ ಬಹುಪಾಲು ಬಯಲಿನಲ್ಲಿ, ನೈಸರ್ಗಿಕ ಹಿಮದ ಮೇಲೆ, ಮೈಕೊರೆಯುವ ಚಳಿಯಲ್ಲಿ ನಡೆಯುತ್ತಿದ್ದವು. ಕೆನಡಾದ ಹುಡುಗನೊಬ್ಬ ನಗರದ ರಿಂಕ್‌ನಲ್ಲಿ ತಿಂಗಳುಗಟ್ಟಲೆ ಆಡುತ್ತಿದ್ದರೆ ಮಾಸ್ಕೋದ ಹುಡುಗ ಕೆರೆ ಹೆಪ್ಪುಗಟ್ಟುವುದನ್ನು ಕಾಯಬೇಕಿತ್ತು. ಕಾಯುವ ಈ ಕಾಲವನ್ನೇ ತರಾಸೊವ್ ಬಂಡವಾಳ ಮಾಡಿಕೊಂಡರು. ಹಿಮವಿಲ್ಲದ ತಿಂಗಳುಗಳಲ್ಲಿ ಅವರ ಆಟಗಾರರು ಬೆಟ್ಟದ ಇಳಿಜಾರುಗಳನ್ನು ಓಡಿ ಹತ್ತಿದರು, ಜೊತೆಗಾರನನ್ನು ಬೆನ್ನ ಮೇಲೆ ಹೊತ್ತು ನೆಗೆದರು, ಭಾರ ಎತ್ತಿದರು, ಲಾಗ ಹಾಕಿದರು, ಫುಟ್‌ಬಾಲ್ ಬಾಸ್ಕೆಟ್‌ಬಾಲ್‌ಗಳನ್ನಾಡಿದರು. ಸಮತೋಲನವನ್ನು ಕಲಿಯಲು ಅವರು ಜಿಮ್ನಾಸ್ಟಿಕ್ಸ್ ಕಡೆಗೂ ಬ್ಯಾಲೆ ನೃತ್ಯದ ಕಡೆಗೂ ನೋಡಿದರು. ವರ್ಷದಲ್ಲಿ ಕೆಲವೇ ತಿಂಗಳು ಆಡುವ ಆಟವನ್ನು ಹನ್ನೆರಡು ತಿಂಗಳ ಶಿಕ್ಷಣವನ್ನಾಗಿ ಪರಿವರ್ತಿಸಿದ್ದು ಅವರ ಮೊದಲ ಸಾಧನೆ.

ಎರಡನೆಯದು ಆಟದ ಸ್ವರೂಪಕ್ಕೆ ಸಂಬಂಧಿಸಿದ್ದು. ಕೆನಡಾದವರ ಬಲ ದೇಹದ ಡಿಕ್ಕಿಯಲ್ಲಿ, ಒಬ್ಬೊಬ್ಬ ಆಟಗಾರನ ಧೈರ್ಯದಲ್ಲಿ, ದೂರದಿಂದ ಗೋಲಿನತ್ತ ಬೀಸುವ ಹೊಡೆತದಲ್ಲಿ ಇತ್ತು. ತರಾಸೊವ್ ಇದಕ್ಕೆ ಎದುರಾಗಿ ಪಾಸ್‌ಗಳ ಆಟವನ್ನು ನಿಲ್ಲಿಸಿದರು. ಬಿಲ್ಲೆ ಯಾರ ಬಳಿ ಇದೆಯೋ ಆತನಷ್ಟೇ ಅಲ್ಲ, ಬಿಲ್ಲೆಯಿಲ್ಲದ ನಾಲ್ವರೂ ಸದಾ ಚಲಿಸುತ್ತ ಖಾಲಿ ಜಾಗವನ್ನು ಹುಡುಕುತ್ತಿರಬೇಕು. ಐವರೂ ಒಂದೇ ದೇಹದ ಅವಯವಗಳಂತೆ ಯೋಚಿಸಬೇಕು ಎಂಬುದು ಅವರ ಸಿದ್ಧಾಂತ. ಇದು ಬಂದದ್ದು ಎಲ್ಲಿಂದ? ಬಾಲ್ಯದ ಬ್ಯಾಂಡಿಯಿಂದ, ಫುಟ್‌ಬಾಲ್‌ನಿಂದ. ತಮ್ಮಲ್ಲಿ ಇಲ್ಲದ್ದಕ್ಕೆ ಮರುಗುವ ಬದಲು ಇರುವುದನ್ನೇ ಅವರು ಹೊಸ ಆಟಕ್ಕೆ ತಂದು ಜೋಡಿಸಿದರು.

1954ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸೋವಿಯತ್ ತಂಡ ಮೊದಲ ಬಾರಿಗೆ ಪಾಲ್ಗೊಂಡು, ಕೆನಡಾವನ್ನು 7–2ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಅಂದಿನ ತರಬೇತುದಾರ ಅರ್ಕಾದಿ ಚೆರ್ನಿಶೋವ್. ಮುಂದೆ ಇದೇ ಚೆರ್ನಿಶೋವ್ ಅವರೊಡನೆ ತರಾಸೊವ್ ಕೈಜೋಡಿಸಿದರು. ಒಬ್ಬರು ಶಾಂತ ಸ್ವಭಾವದವರು, ಇನ್ನೊಬ್ಬರು ಕೆಂಡ. ಈ ಜೋಡಿಯ ಕೈಯಲ್ಲಿ ತಂಡ 1963ರಿಂದ 1971ರವರೆಗೆ ಸತತ ಒಂಬತ್ತು ವಿಶ್ವ ಪ್ರಶಸ್ತಿಗಳನ್ನೂ 1964, 1968, 1972ರ ಒಲಿಂಪಿಕ್ ಸ್ವರ್ಣಗಳನ್ನೂ ಗೆದ್ದಿತು. ಭಾರತದ ಹಾಕಿ 1928ರಿಂದ 1956ರವರೆಗೆ ಸತತ ಆರು ಒಲಿಂಪಿಕ್ ಸ್ವರ್ಣ ಗೆದ್ದದ್ದನ್ನು ಬಲ್ಲ ನಮಗೆ ಅಂತಹ ಪ್ರಾಬಲ್ಯದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೇ ಆಗಿದ್ದರೆ ತರಾಸೊವ್ ಪದಕಗಳ ಪಟ್ಟಿಯಲ್ಲಿ ಒಂದು ಹೆಸರಾಗಿ ಉಳಿಯುತ್ತಿದ್ದರು. ಶಿಕ್ಷಕನಾದ ನನಗೆ ಅವರ ನಿಜವಾದ ಹಿರಿಮೆ ಬೇರೆಡೆ ಕಾಣುತ್ತದೆ. ಗೆಲ್ಲುತ್ತಿದ್ದ ಕಾಲದಲ್ಲಿಯೇ ಅವರು ಹತ್ತರಿಂದ ಹದಿನೈದರ ಆಸುಪಾಸಿನ ಮಕ್ಕಳತ್ತ ತಿರುಗಿದರು. 1964ರಲ್ಲಿ ಆರಂಭವಾದ 'ಸುವರ್ಣ ಬಿಲ್ಲೆ' ಎಂಬ ಅಖಿಲ ಸೋವಿಯತ್ ಬಾಲಕರ ಪಂದ್ಯಾವಳಿಗೆ ಅವರೇ ಮುಂದಾಳು. ಮಕ್ಕಳ ಪತ್ರಿಕೆ 'ಪಿಯೊನೇರ್‌ಸ್ಕಾಯಾ ಪ್ರಾವ್ದಾ' ಅದಕ್ಕೆ ಬೆನ್ನೆಲುಬಾಗಿ ನಿಂತಿತು. ಈ ಪಂದ್ಯಾವಳಿ ಇದ್ದದ್ದು ಮುಖ್ಯವಾಗಿ ವಠಾರದ, ಶಾಲೆಯ, ಬೀದಿಯ ತಂಡಗಳಿಗಾಗಿ. ವಸತಿ ಸಮುಚ್ಚಯಗಳ ನಡುವಿನ ಅಂಗಳಕ್ಕೆ ಚಳಿಗಾಲದಲ್ಲಿ ನೀರು ಹಾಯಿಸಿದರೆ ರಾತ್ರಿ ಕಳೆಯುವುದರೊಳಗೆ ಅಂಕಣ ಸಿದ್ಧ. ಅಂತಹ ಅಂಗಳದಿಂದ ಹೊರಟ ತಂಡ ಬಡಾವಣೆ, ನಗರ, ಪ್ರಾಂತ್ಯಗಳನ್ನು ದಾಟಿ ಒಕ್ಕೂಟ ಮಟ್ಟದ ಅಂತಿಮ ಸುತ್ತಿಗೆ ಹೋಗಬಹುದಾಗಿತ್ತು. ಲಕ್ಷಾಂತರ ಮಕ್ಕಳು ಇದರಲ್ಲಿ ಆಡಿದರು.

ಈ ವಿಶಾಲ ತಳಹದಿಯ ಮೇಲೆ ಕ್ಲಬ್ಬುಗಳ ಬಾಲಶಾಲೆಗಳು, ಅದರ ಮೇಲೆ ಕಿರಿಯರ ತಂಡಗಳು, ತುದಿಯಲ್ಲಿ ರಾಷ್ಟ್ರೀಯ ತಂಡ. ವಲೇರಿ ಖಾರ್ಲಾಮೊವ್ ಬಂದದ್ದು ಅಂತಹ ಬಾಲಶಾಲೆಯಿಂದ. ತಂದೆ ಕಾರ್ಖಾನೆಯ ಕಾರ್ಮಿಕ. ತಾಯಿ ಅಂತರ್ಯುದ್ಧದ ಕಾಲದಲ್ಲಿ ಸ್ಪೇನ್‌ನಿಂದ ನಿರಾಶ್ರಿತಳಾಗಿ ಬಂದ ಬಾಲಕಿ. ಹುಡುಗ ಕುಳ್ಳ. ಅವನ ಮೈಕಟ್ಟಿನ ಬಗ್ಗೆ ತರಾಸೊವ್ ಅವರಿಗೇ ಸಂದೇಹವಿತ್ತು. 1967ರಲ್ಲಿ ಅವನನ್ನು ಯುರಾಲ್ ಸೀಮೆಯ ಚೆಬರ್ಕುಲ್ ಎಂಬ ಊರಿನ ಕೆಳಹಂತದ ತಂಡಕ್ಕೆ ಕಳಿಸಿದರು. ಅಲ್ಲಿ ಆತ ಗೋಲುಗಳ ಮಳೆಗರೆದ. ಕೂಡಲೇ ಮರಳಿ ಕರೆಸಿಕೊಂಡರು. 1969ರಲ್ಲಿ ಆತ ವಿಶ್ವ ವಿಜೇತ ತಂಡದ ಸದಸ್ಯ. ವ್ಯವಸ್ಥೆಯ ಗುಣ ಇಲ್ಲಿದೆ: ಗುರುವಿನ ಮೊದಲ ಅಂದಾಜು ತಪ್ಪಾದರೂ ಹುಡುಗನಿಗೆ ಎರಡನೆಯ ಬಾಗಿಲು ತೆರೆದಿತ್ತು.

ವ್ಲಾದಿಸ್ಲಾವ್ ತ್ರೆತ್ಯಾಕ್ ಎಂಬ ಗೋಲ್‌ಕೀಪರ್ ಹದಿಹರೆಯದಲ್ಲೇ ತರಾಸೊವ್ ಕಣ್ಣಿಗೆ ಬಿದ್ದವನು. ದಿನಕ್ಕೆ ಹಲವು ಬಾರಿ ಅಭ್ಯಾಸ. ಜೇಬಿನಲ್ಲಿ ಸದಾ ಟೆನಿಸ್ ಚೆಂಡು. ನಡೆಯುವಾಗಲೂ ಅದನ್ನು ಎಸೆದು ಹಿಡಿಯುತ್ತಿರಬೇಕು. 1970ರಲ್ಲಿ, ಇನ್ನೂ ಹದಿನೇಳರ ವಯಸ್ಸಿನಲ್ಲಿ, ಅವನು ವಿಶ್ವ ಪ್ರಶಸ್ತಿ ಗೆದ್ದ ತಂಡದಲ್ಲಿದ್ದ. ಹತ್ತೊಂಬತ್ತಕ್ಕೆ ಒಲಿಂಪಿಕ್ ಸ್ವರ್ಣ. ಟೆನಿಸ್ ಚೆಂಡಿನ ಈ ಪಾಠಕ್ಕೆ ತಗಲುವ ಖರ್ಚೆಷ್ಟು ಎಂದು ಓದುಗರೇ ಲೆಕ್ಕ ಹಾಕಬಹುದು.

ತರಾಸೊವ್ ದೋಷರಹಿತರಾಗಿರಲಿಲ್ಲ. ಅವರ ಶಿಸ್ತು ಅನೇಕ ವೇಳೆ ಕ್ರೌರ್ಯದ ಗಡಿ ಮುಟ್ಟುತ್ತಿತ್ತು. ಹಿರಿಯ ಆಟಗಾರರೊಡನೆ ಅವರಿಗೆ ಜಗಳಗಳಿದ್ದವು. ಸೇನೆಯ ಕ್ಲಬ್ಬಿಗೆ ದೇಶದ ಯಾವ ಮೂಲೆಯ ಪ್ರತಿಭಾವಂತ ಯುವಕನನ್ನಾದರೂ ಕಡ್ಡಾಯ ಸೈನಿಕ ಸೇವೆಯ ನೆಪದಲ್ಲಿ ಸೆಳೆದುಕೊಳ್ಳುವ ಅಧಿಕಾರವಿತ್ತು. ಇತರ ಕ್ಲಬ್ಬುಗಳಿಗೆ ಅದು ಅನ್ಯಾಯವೇ. ಆಟಗಾರರು ಹೆಸರಿಗೆ ಹವ್ಯಾಸಿಗಳು, ವಾಸ್ತವದಲ್ಲಿ ವರ್ಷವಿಡೀ ಆಟವನ್ನೇ ಕಸುಬಾಗಿ ಮಾಡಿಕೊಂಡವರು. ಶೀತಲ ಸಮರದ ಕಾಲದಲ್ಲಿ ಪದಕವೆಂಬುದು ಪ್ರಭುತ್ವಕ್ಕೆ ಪ್ರಚಾರದ ಅಸ್ತ್ರ. 1977ರಿಂದ ಸಿಎಸ್‌ಕೆಎ ಮತ್ತು ರಾಷ್ಟ್ರೀಯ ತಂಡಗಳ ಹೊಣೆ ಹೊತ್ತ ವಿಕ್ತರ್ ತಿಖೊನೊವ್ ಅವರ ಕಾಲದಲ್ಲಂತೂ ಆಟಗಾರರು ಮಡದಿ ಮಕ್ಕಳಿಂದ ದೂರ, ಶಿಬಿರವಾಸಿಗಳಾಗಿ ಬದುಕಬೇಕಾಯಿತು. ಎಳೆಯರನ್ನು ಹೀಗೆ ಅರೆಯುವ ವ್ಯವಸ್ಥೆ ನಮಗೆ ಬೇಡ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಪ್ರಭುತ್ವದ ಮುಂದೆ ಸದಾ ಬಾಗಿದವರೆಂದು ಅವರನ್ನು ಜರಿಯುವಂತೆಯೂ ಇಲ್ಲ. 1969ರ ಮೇ ತಿಂಗಳಲ್ಲಿ ಸ್ಪಾರ್ಟಕ್ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ತಮ್ಮ ತಂಡದ ಗೋಲನ್ನು ಅಮಾನ್ಯ ಮಾಡಿದಾಗ ತರಾಸೊವ್ ಆಟಗಾರರನ್ನು ಅಂಕಣದಿಂದ ಹೊರಗೆ ಕರೆದೊಯ್ದರು. ಅರ್ಧ ಗಂಟೆಗೂ ಹೆಚ್ಚು ಕಾಲ ಆಟ ನಿಂತಿತು. ದಂಡನೆಯಾಗಿ ಸನ್ಮಾನಿತ ತರಬೇತುದಾರ ಎಂಬ ಬಿರುದನ್ನು ಕಸಿದುಕೊಳ್ಳಲಾಯಿತು. ಕೆಲವು ತಿಂಗಳ ನಂತರ ಮರಳಿಸಲಾಯಿತು. 1972ರ ಸಪ್ಪೊರೊ ಒಲಿಂಪಿಕ್ಸ್ ಗೆದ್ದ ಬೆನ್ನಲ್ಲೇ ಅವರೂ ಚೆರ್ನಿಶೋವ್ ಅವರೂ ರಾಷ್ಟ್ರೀಯ ತಂಡದಿಂದ ನಿರ್ಗಮಿಸಿದರು.

ವಿಧಿಯ ವಿಡಂಬನೆಯೆಂದರೆ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರು ಜೀವಮಾನವಿಡೀ ಕಾದಿದ್ದ ಸ್ಪರ್ಧೆ ಏರ್ಪಟ್ಟಿತು. ಕೆನಡಾದ ಶ್ರೇಷ್ಠ ವೃತ್ತಿಪರ ಆಟಗಾರರ ವಿರುದ್ಧ ಎಂಟು ಪಂದ್ಯಗಳ ಸರಣಿ. ಸೆಪ್ಟೆಂಬರ್ 2ರಂದು ಮಾಂಟ್ರಿಯಲ್‌ನ ಮೊದಲ ಪಂದ್ಯದಲ್ಲಿ ಸೋವಿಯತ್ ತಂಡ 7–3ರಿಂದ ಗೆದ್ದಾಗ ಕೆನಡಾ ದಿಗ್ಭ್ರಮೆಗೊಂಡಿತು. ಸರಣಿಯನ್ನು ಕೊನೆಗೆ ಕೆನಡಾ ಒಂದೇ ಪಂದ್ಯದ ಅಂತರದಿಂದ ಗೆದ್ದುಕೊಂಡಿತಾದರೂ ಆ ಆಟದ ಒಡೆತನ ಇನ್ನು ತಮ್ಮದೊಬ್ಬರದೇ ಅಲ್ಲವೆಂಬುದು ಅದಕ್ಕೆ ಮನವರಿಕೆಯಾಯಿತು. ಖಾರ್ಲಾಮೊವ್, ತ್ರೆತ್ಯಾಕ್ ಅಂಕಣದಲ್ಲಿದ್ದರು. ಅವರನ್ನು ರೂಪಿಸಿದ ಗುರು ತಂಡದ ಬೆಂಚಿನಲ್ಲಿರಲಿಲ್ಲ.

1974ರಲ್ಲಿ ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್ ತರಾಸೊವ್ ಹೆಸರನ್ನು ಸೇರಿಸಿಕೊಂಡಿತು. ಎದುರಾಳಿಯ ಮನೆಯಲ್ಲೇ ಸಿಕ್ಕ ಗೌರವ ಅದು. 1975ರಲ್ಲಿ ಸಿಎಸ್‌ಕೆಎ ಫುಟ್‌ಬಾಲ್ ತಂಡದ ಹೊಣೆ ಹೊತ್ತು ನೋಡಿದರು, ಯಶಸ್ಸು ದೊರೆಯಲಿಲ್ಲ. ಉಳಿದ ವರ್ಷಗಳನ್ನು ಬರವಣಿಗೆಗೂ ಸುವರ್ಣ ಬಿಲ್ಲೆಯ ಮಕ್ಕಳಿಗೂ ಮೀಸಲಿಟ್ಟರು. 1987ರಲ್ಲಿ ಕೆನಡಾದ ವ್ಯಾಂಕೂವರ್ ತಂಡ ಅವರನ್ನು ಸಲಹೆಗಾರರಾಗಿ ಕರೆಸಿಕೊಂಡಿತು. ಮಗಳು ತತ್ಯಾನಾ ಫಿಗರ್ ಸ್ಕೇಟಿಂಗ್‌ನಲ್ಲಿ ಒಲಿಂಪಿಕ್ ವಿಜೇತರನ್ನು ರೂಪಿಸಿದ ಜಗತ್ಪ್ರಸಿದ್ಧ ತರಬೇತುದಾರಳಾದಳು. 1995ರ ಜೂನ್ 23ರಂದು ಮಾಸ್ಕೋದಲ್ಲಿ ತರಾಸೊವ್ ನಿಧನರಾದರು. ಅವರು ಸೇವೆ ಸಲ್ಲಿಸಿದ ಒಕ್ಕೂಟ ಅದಕ್ಕೂ ಮುನ್ನವೇ, 1991ರಲ್ಲಿ, ಇಲ್ಲವಾಗಿತ್ತು.

ಅವರ ವಿದ್ಯೆ ಮಾತ್ರ ಉಳಿಯಿತು. 1980ರ ಫೆಬ್ರುವರಿಯಲ್ಲಿ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರ ತಂಡ ಸೋವಿಯತ್ ದೈತ್ಯರನ್ನು 4–3ರಿಂದ ಮಣಿಸಿತಷ್ಟೆ. ಆ ತಂಡದ ಗುರು ಹರ್ಬ್ ಬ್ರೂಕ್ಸ್ ಸೋವಿಯತ್ ಪದ್ಧತಿಯನ್ನು ಆಳವಾಗಿ ಅಭ್ಯಸಿಸಿದವರು. 1996ರಲ್ಲಿ ಅಮೆರಿಕದ ಹಾಕಿ ಸಂಸ್ಥೆ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಹದಿನೇಳು, ಹದಿನೆಂಟು ವರ್ಷದೊಳಗಿನ ಆಯ್ದ ಹುಡುಗರಿಗಾಗಿ ರಾಷ್ಟ್ರೀಯ ತರಬೇತಿ ಯೋಜನೆಯನ್ನು ಆರಂಭಿಸಿತು. ದೇಶದ ಅತ್ಯುತ್ತಮ ಎಳೆಯರು ಒಂದೆಡೆ ಇದ್ದು, ಶಾಲೆಗೆ ಹೋಗುತ್ತ, ಒಟ್ಟಿಗೆ ಬೆಳೆಯುವ ವ್ಯವಸ್ಥೆ ಅದು. ಮಾರುಕಟ್ಟೆಯನ್ನೇ ನಂಬಿದ ದೇಶವೂ ಹದಿಹರೆಯದ ಪ್ರತಿಭೆಯನ್ನು ಕೇವಲ ಮಾರುಕಟ್ಟೆಗೆ ಬಿಟ್ಟುಕೊಡಲಿಲ್ಲ. ಆದರೆ ಆ ಯೋಜನೆಯ ಹಿಂದೆಯೂ ಊರೂರಿನ ಮಕ್ಕಳ ತಂಡಗಳ ದೊಡ್ಡ ಜಾಲವಿದೆ ಎಂಬುದನ್ನು ನಾವು ಗಮನಿಸಬೇಕು.

ಇನ್ನು ನಮ್ಮ ಕಡೆ ನೋಡೋಣ. ಭಾರತದಲ್ಲಿ ತುದಿಗಳನ್ನು ಕಟ್ಟುವ ಕೆಲಸ ಸಾಕಷ್ಟು ನಡೆದಿದೆ. ಪಟಿಯಾಲಾದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಲ್ಲೇ ಆರಂಭವಾಯಿತು. ಬೆಂಗಳೂರಿನಲ್ಲಿ 2000ದಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಬಂದಿತು. ಹಾಕಿಯ ರಾಷ್ಟ್ರೀಯ ಶಿಬಿರಗಳು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ನಡೆಯುತ್ತ ಬಂದಿವೆ. ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳ ಕಂಚಿನ ಪದಕಗಳ ಹಿಂದೆ ಆ ಶಿಬಿರಗಳ ಬೆವರಿದೆ. ಕೊರತೆಯಿರುವುದು ತುದಿಯಲ್ಲಲ್ಲ, ಬುಡದಲ್ಲಿ.

ಬುಡ ಗಟ್ಟಿಯಿದ್ದರೆ ಏನಾಗುತ್ತದೆಂಬುದಕ್ಕೆ ರಷ್ಯಾದವರೆಗೆ ಹೋಗಬೇಕಾಗಿಲ್ಲ. ಕೊಡಗನ್ನು ನೋಡಿದರೆ ಸಾಕು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಅವರಂಥವರನ್ನು ಒಂದು ಪುಟ್ಟ ಜಿಲ್ಲೆ ದೇಶಕ್ಕೆ ಕೊಟ್ಟಿದ್ದು ಅಲ್ಲಿನ ಮನೆಮನೆಯಲ್ಲಿ ಹಾಕಿ ಸ್ಟಿಕ್ ಇದ್ದುದರಿಂದ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಅರವತ್ತು ಕುಟುಂಬಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ 2024ರ ಹೊತ್ತಿಗೆ 360 ತಂಡಗಳಿದ್ದವು. ಅದು ನಮ್ಮ ನೆಲದ ಸುವರ್ಣ ಬಿಲ್ಲೆ. ಲಡಾಖ್‌ನ ಹೆಣ್ಣುಮಕ್ಕಳು ಹೆಪ್ಪುಗಟ್ಟಿದ ಕೊಳಗಳ ಮೇಲೆ ಕಲಿತ ಆಟದಿಂದ 2025ರ ಮಹಿಳಾ ಐಸ್ ಹಾಕಿ ಏಷ್ಯಾ ಕಪ್‌ನಲ್ಲಿ ಭಾರತಕ್ಕೆ ಕಂಚು ತಂದರು. ಅವರಿಗೂ ವರ್ಷದಲ್ಲಿ ನೈಸರ್ಗಿಕ ಹಿಮ ಸಿಗುವುದು ಕೆಲವೇ ವಾರ.

ನಮ್ಮ ಮಲೆನಾಡಿನ ಶಾಲೆಗಳ ಸ್ಥಿತಿ ಬೇರೆ. ಹೋಬಳಿ ಮಟ್ಟದ ಕೂಟ ಮಳೆಗಾಲದ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ. ಕಬಡ್ಡಿಯಲ್ಲೋ ವಾಲಿಬಾಲ್‌ನಲ್ಲೋ ಒಂದು ಪಂದ್ಯ ಸೋತರೆ ಆ ಮಗುವಿನ ಆ ವರ್ಷದ ಆಟವೂ ಮುಗಿಯಿತು. ಗೆದ್ದವರು ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಮುಂದೆ ಹೋಗುತ್ತಾರೆ. ಸೋತ ಬಹುಸಂಖ್ಯಾತರು ಮುಂದಿನ ಆಗಸ್ಟ್‌ವರೆಗೆ ಪ್ರೇಕ್ಷಕರು. ಇದು ಪ್ರತಿಭೆಯನ್ನು ಹುಡುಕುವ ಕ್ರಮವಲ್ಲ, ಬೇಗ ಬೇಗ ಕಳಚಿಕೊಳ್ಳುವ ಕ್ರಮ. ಈ ಜರಡಿಯಲ್ಲಿ ಕುಳ್ಳ ಖಾರ್ಲಾಮೊವ್ ಮೊದಲ ದಿನವೇ ಉದುರಿಹೋಗುತ್ತಿದ್ದ. ಹುಂಚದ ಪಂಚಕೂಟ ಬಸದಿಯ ಶಿಲ್ಪಿಗಳು 1077ರಲ್ಲಿ ಶಿಖರ ಕಟ್ಟುವ ಮೊದಲು ಅಧಿಷ್ಠಾನವನ್ನು ಕಟ್ಟಿದರು. ಕ್ರೀಡೆಯಲ್ಲಿ ಮಾತ್ರ ನಾವು ಕಳಶದಿಂದ ಆರಂಭಿಸುತ್ತೇವೆ.

ಆಗಬೇಕಾದದ್ದು ಬಹಳ ವೆಚ್ಚದ್ದಲ್ಲ. ಮಳೆಗಾಲದಲ್ಲಿ ಶಾಲೆಯ ಜಗಲಿ, ಸಭಾಂಗಣಗಳಲ್ಲಿ ಮೈ ಪಳಗಿಸುವ ಪಾಠ ನಡೆಯಲಿ. ಟೆನಿಸ್ ಚೆಂಡಿಗೂ ಹಗ್ಗಕ್ಕೂ ಸರ್ಕಾರದ ಮಂಜೂರಾತಿ ಬೇಕಿಲ್ಲ. ನವೆಂಬರ್‌ನಿಂದ ಫೆಬ್ರುವರಿವರೆಗೆ, ನೆಲ ಒಣಗಿ ಗಟ್ಟಿಯಾದ ಮೇಲೆ, ಹೋಬಳಿಯ ಶಾಲೆಗಳು ಪ್ರತಿ ಶನಿವಾರ ಒಂದರೊಡನೊಂದು ಆಡುವ ಲೀಗ್ ಮಾದರಿಯ ಪಂದ್ಯಗಳಿರಲಿ. ಸೋತ ತಂಡವೂ ಮುಂದಿನ ವಾರ ಮತ್ತೆ ಆಡಲಿ. ಪ್ರತಿ ಪ್ರೌಢಶಾಲೆಯಲ್ಲೂ ದೈಹಿಕ ಶಿಕ್ಷಣ ಶಿಕ್ಷಕರಿರಲಿ, ಅವರನ್ನು ಇತರ ಕೆಲಸಗಳಿಗೆ ಎಳೆಯದಿರಲಿ. ಆಯ್ಕೆಗಾರರು ಕೂಟದ ದಿನ ಬಂದು ಹೋಗುವ ಬದಲು ಋತುವಿಡೀ ಮಕ್ಕಳನ್ನು ಗಮನಿಸಲಿ.

ಸತತ ಒಂಬತ್ತು ವಿಶ್ವ ಪ್ರಶಸ್ತಿಗಳನ್ನು ಗೆಲ್ಲಿಸಿದ ಮನುಷ್ಯ ವೃದ್ಧಾಪ್ಯದಲ್ಲಿ ಬಿಡದೆ ಹಿಡಿದುಕೊಂಡದ್ದು ಅಂಗಳದ ಮಕ್ಕಳ ಪಂದ್ಯಾವಳಿಯೊಂದನ್ನು. ಪದಕಗಳು ಎಲ್ಲಿಂದ ಬರುತ್ತವೆಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ರಾಜಧಾನಿಯಲ್ಲಿ ಮತ್ತೊಂದು ಉತ್ಕೃಷ್ಟತಾ ಕೇಂದ್ರಕ್ಕೆ ಅಡಿಗಲ್ಲು ಹಾಕುವ ಮುನ್ನ ನಮ್ಮ ಆಡಳಿತಗಾರರು ಈ ಒಂದು ಸಂಗತಿಯನ್ನು ಯೋಚಿಸಿದರೆ ಸಾಕು.